ಮಣಿಕಟ್ಟಿನ ಪಟ್ಟಿ ಮತ್ತು ಕಂಪವಾತ



'ಏನು ಕೆಲಸ ಮಾಡ್ತೀಯಪ್ಪ?' ಎಂದು ಬೆಳಿಗ್ಗೆಯಿಂದ ಹಲವರು ಕೇಳಿದ್ದೀರಿ. ಕೈಗೆ ಕಟ್ಟುವ ಸಂವೇದಕಗಳಿಂದ ಪಾರ್ಕಿನ್ಸನ್ ಕಾಯಿಲೆಯ ಏರಿಳಿತವನ್ನು ಅಳೆಯುವ ಕೆಲಸ. ಕಂಪವಾತ ಎಂದರೆ ನಿಮಗೆ ಬೇಗ ತಿಳಿದೀತು. ಎಷ್ಟೋ ಮನೆಗಳಲ್ಲಿ 'ವಯಸ್ಸಾಯ್ತು, ಕೈ ನಡುಗುತ್ತೆ' ಎಂದು ಸುಮ್ಮನಾಗಿಬಿಡುತ್ತಾರೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ಇದರ ಬಗ್ಗೆ ಬರೆದರು. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ನಶಿಸಿದಾಗ ನಡುಕ, ಬಿಗಿತ, ನಿಧಾನ ಶುರುವಾಗುತ್ತವೆ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ತುಂಬುತ್ತದೆ. (ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೂ ಅದೇ ವಸ್ತುವಿದೆ, ಹಾಗೆಂದು ಯಾರೂ ಕಿತ್ತು ತಿನ್ನಬೇಡಿ.)

ಕೆಲವು ವರ್ಷ ಕಳೆದ ಮೇಲೆ ಮುಂದಿನ ಮಾತ್ರೆಯ ಹೊತ್ತಿಗೆ ಮೊದಲೇ ಹಿಂದಿನದರ ಬಲ ಇಳಿದುಹೋಗುತ್ತದೆ. ಹತ್ತು ಗಂಟೆಗೆ ತಾನೇ ಅಂಗಿಯ ಗುಂಡಿ ಹಾಕಿಕೊಂಡವರು ಹನ್ನೆರಡಕ್ಕೆ ಕುರ್ಚಿಯಿಂದ ಏಳಲಾರರು. ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಸರದಿ ಕಾದು ಒಳಗೆ ಹೋದಾಗ ಮಾತ್ರೆ ಕೆಲಸ ಮಾಡುತ್ತಿದ್ದರೆ ಡಾಕ್ಟರಿಗೆ ಕಾಣುವುದು ಆರಾಮಾಗಿರುವ ಮನುಷ್ಯ. ಉಳಿದ ಹೊತ್ತಿನ ಪಾಡು ಮನೆಯವರಿಗಷ್ಟೇ ಗೊತ್ತು.

ಆ ಉಳಿದ ಹೊತ್ತನ್ನು ಮಣಿಕಟ್ಟಿನ ಪಟ್ಟಿ ನೋಡುತ್ತದೆ. ಕೈಯ ಚಲನೆಯನ್ನು ಸೆಕೆಂಡಿಗೆ ಹತ್ತಾರು ಸಲ ಬರೆದುಕೊಳ್ಳುತ್ತದೆ. ಸುಮ್ಮನಿಟ್ಟ ಕೈಯಲ್ಲಿ ಈ ಕಾಯಿಲೆಯ ನಡುಕ ಸೆಕೆಂಡಿಗೆ ಸುಮಾರು 4ರಿಂದ 6 ಸಲ. ಅಷ್ಟು ಎಣಿಸಿದರೆ ಸಾಲದೇ? ಸಾಲದು, ರೊಟ್ಟಿ ತಟ್ಟುವ ಕೈಯೂ ಆಡುತ್ತಲೇ ಇರುತ್ತದಲ್ಲ! ಅದಕ್ಕೇ 'ಇದು ನಡುಕ, ಇದು ಕೆಲಸ' ಎಂದು ವೈದ್ಯರು ಗುರುತು ಹಾಕಿದ ಸಾವಿರಾರು ತುಣುಕುಗಳನ್ನು ಕಂಪ್ಯೂಟರಿಗೆ ಕೊಡುತ್ತೇವೆ. ವ್ಯತ್ಯಾಸವನ್ನು ಅದೇ ಹುಡುಕಿಕೊಳ್ಳುತ್ತದೆ. ಇದೇ ಮಷಿನ್ ಲರ್ನಿಂಗ್. ಆದರೆ ಮೊಸರು ಕಡೆಯುವುದನ್ನು ಎಂದೂ ಕಾಣದ ಯಂತ್ರ ಅದನ್ನೂ ರೋಗವೆಂದೀತು. ನಮ್ಮ ಹಳ್ಳಿಗಳ ಕೈಗಳೂ ಆ ಪಾಠದಲ್ಲಿ ಸೇರಬೇಕೆಂಬುದು ನನ್ನ ಹಟ.

ಬ್ರಿಟನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ವಾರವಿಡೀ ಧರಿಸಿದ ಪಟ್ಟಿಗಳ ದಾಖಲೆಯಲ್ಲಿ, ರೋಗ ಪತ್ತೆಯಾಗುವ ಏಳು ವರ್ಷ ಮೊದಲೇ ಅದರ ಸುಳಿವು ಕಂಡಿದ್ದನ್ನು 2023ರಲ್ಲಿ ಪ್ರಕಟಿಸಿದರು. ದೊಡ್ಡ ಸುದ್ದಿಯೇ. ಆದರೆ ರೋಗವನ್ನು ತಡೆದು ನಿಲ್ಲಿಸುವ ಮದ್ದು ಇನ್ನೂ ಇಲ್ಲ. ಮಾತ್ರೆಯ ಹೊತ್ತನ್ನು ಸರಿಪಡಿಸುವುದೇ ಇವತ್ತಿಗೆ ಹೆಚ್ಚು ಉಪಯೋಗದ ಕೆಲಸ ಎಂದು ನನ್ನ ಅಭಿಪ್ರಾಯ.

ಅದಕ್ಕೆ ಪಟ್ಟಿಯೇ ಬೇಕೆಂದಿಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮಾತ್ರೆಯ ಹೊತ್ತು, ಊಟದ ಹೊತ್ತು, ಕೈಕಾಲು ಬಿಗಿದ ಹೊತ್ತು ಒಂದು ವಾರ ಬರೆಯಿರಿ. ಬೇಳೆ, ಮೊಟ್ಟೆಯಂಥ ಊಟದ ಜೊತೆಗೆ ನುಂಗಿದರೆ ಕೆಲವರಿಗೆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಅದೂ ಆ ಹಾಳೆಯಲ್ಲಿ ಕಾಣುತ್ತದೆ. ಬಿಗಿದಾಗ ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿ, ಎರಡನ್ನೂ ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ಮಾತ್ರ ನೀವೇ ಹೆಚ್ಚುಕಡಿಮೆ ಮಾಡಬೇಡಿ. ಬರೆಯಲು ಬಾರದ ಅಜ್ಜ ಅಜ್ಜಿಯರಿಗೆ ಇಲ್ಲಿ ಕುಳಿತ ಒಂಬತ್ತನೇ ತರಗತಿಯ ಮಕ್ಕಳು ಬರೆದುಕೊಡಬಹುದು.