ಬೆಳ್ಳಿಯ ತೂಕ ಬೇರೆ, ಚಿತ್ರದ ಬೆಲೆ ಬೇರೆ

(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಹಗಲು ಗಿರಣಿಯಲ್ಲಿ ಲೆಕ್ಕ ಬರೆಯುವವನು, ಸಂಜೆ ಇಲ್ಲಿ ಪತ್ರಿಕೆಗಳನ್ನು ಜೋಡಿಸಿಡುವವನು. ನಾಣ್ಯಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ಹಿಂಜರಿದೆ. ಆದರೆ ಇದೇ ಮೇಜಿನ ಬಳಿ ಕಳೆದ ತಿಂಗಳು ನಡೆದ ಒಂದು ಸಂಗತಿ ನನ್ನನ್ನು ಸುಮ್ಮನಿರಗೊಡಲಿಲ್ಲ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಅದನ್ನೇ ಮೊದಲು ಅರಿಕೆ ಮಾಡುತ್ತೇನೆ.

ನಮ್ಮ ವಾಚನಾಲಯಕ್ಕೆ ಬರುವ ತರುಣ ಮಿತ್ರರೊಬ್ಬರು, ರಾಯಚೂರು ಕಡೆಯವರು, ಅಂಗಡಿಯೊಂದರಲ್ಲಿ ಗುಮಾಸ್ತರು. ತಂಗಿಯ ಮದುವೆಗೆಂದು ಉಳಿಸಿದ ಹಣದಲ್ಲಿ ಎರಡು ವರ್ಷ ಬಿಡದೆ ಪರದೇಶದ ಬೆಳ್ಳಿ ನಾಣ್ಯಗಳನ್ನು ಕೊಂಡಿದ್ದರು. ಒಂದರ ಮೇಲೆ ಚೀನದ ಪಾಂಡಾ, ಒಂದರ ಮೇಲೆ ಆಸ್ಟ್ರೇಲಿಯದ ಕೂಕಬರ ಹಕ್ಕಿ, ಇನ್ನೊಂದರ ಮೇಲೆ ಕೆನಡಾದ ತೋಳ. ನೋಡಲು ಬಲು ಚೆಂದ. ‘ವರ್ಷವರ್ಷಕ್ಕೂ ಚಿತ್ರ ಬದಲಾಗುತ್ತದೆ, ಹೋದ ವರ್ಷದ್ದು ಮತ್ತೆ ಸಿಗುವುದಿಲ್ಲ, ಆದ್ದರಿಂದ ಬೆಲೆ ಏರುತ್ತಲೇ ಇರುತ್ತದೆ’ ಎಂದು ಮಾರಿದವನು ನಂಬಿಸಿದ್ದನಂತೆ. ಮದುವೆ ಗೊತ್ತಾಯಿತು. ಹನ್ನೆರಡು ನಾಣ್ಯಗಳನ್ನು ಕಟ್ಟಿಕೊಂಡು ಸರಾಫರ ಅಂಗಡಿಗೆ ಹೋದರು. ಸರಾಫರು ಪಾಂಡಾದ ಮುಖವನ್ನು ನೋಡಲೇ ಇಲ್ಲ, ತಕ್ಕಡಿಗೆ ಹಾಕಿದರು. ಬೆಳ್ಳಿಯ ದರ ಅಷ್ಟರಲ್ಲಿ ಏರಿದ್ದರಿಂದ ಗಂಟು ಮುಳುಗಲಿಲ್ಲ ಎಂಬುದೇ ಪುಣ್ಯ. ಆದರೆ ಕೊಂಡ ದಿನದ ಲೆಕ್ಕವನ್ನು ನಾವಿಬ್ಬರೂ ಕುಳಿತು ತೆಗೆದಾಗ ತಿಳಿದದ್ದು ಇದು: ಒಂದೊಂದು ನಾಣ್ಯಕ್ಕೆ ಕೊಟ್ಟ ಹಣದಲ್ಲಿ ಅಂದು 45 ಗ್ರಾಂ ಗಟ್ಟಿಬೆಳ್ಳಿ ಬರುತ್ತಿತ್ತು, ನಾಣ್ಯದಲ್ಲಿದ್ದದ್ದು 31 ಗ್ರಾಂ. ನಾಣ್ಯಕ್ಕೆ 14ರಂತೆ ಹನ್ನೆರಡಕ್ಕೆ 168 ಗ್ರಾಂ. ತಂಗಿಯ ಕಾಲಿಗೆ ಒಳ್ಳೆಯ ಗೆಜ್ಜೆಯ ಜೊತೆ ಆಗುವಷ್ಟು ಬೆಳ್ಳಿ ಚಿತ್ರದ ಬೆಲೆಯಾಗಿ ಹೋಗಿತ್ತು.

ಆ ಕೊರತೆ ತುಂಬಲು ಅವರು ಊರಿನಿಂದ ಅಜ್ಜಿಯ ಗಂಟು ತಂದರು. ಒಂದು ಹಳೆಯ ಕೈವಸ್ತ್ರದಲ್ಲಿ ಎಂಟು ಕಪ್ಪಾದ ರೂಪಾಯಿಗಳು. ‘ಇವನ್ನು ಕರಗಿಸಿಬಿಡುತ್ತೇನೆ, ಇದರ ಮೇಲಿನ ಬರಹವೂ ತಿಳಿಯದು’ ಎಂದರು. ‘ಸ್ವಲ್ಪ ತಡೆಯಿರಿ’ ಎಂದು ನಾನು ಅವನ್ನು ದೀಪದ ಕೆಳಗೆ ಹಿಡಿದೆ. ಚಾರ್‌ಮಿನಾರ್ ಕಾಣಿಸಿತು.

ಹಾಲಿ ಸಿಕ್ಕಾ ಎಂದರೆ ಕಲಬುರ್ಗಿ, ಬೀದರ, ರಾಯಚೂರುಗಳ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಮೈಸೂರು, ಧಾರವಾಡ ಕಡೆಯಿಂದ ಬಂದವರಿಗೆ ಹೇಳಬೇಕು. ನಿಜಾಮರ ರಾಜ್ಯಕ್ಕೆ ತನ್ನದೇ ರೂಪಾಯಿ ಇತ್ತು. ಬ್ರಿಟಿಷರ ರೂಪಾಯಿಗೆ ಇಲ್ಲಿ ಕಲ್ದಾರ್ ಎಂದು ಹೆಸರು. ನಾವು ಕುಳಿತಿರುವ ಈ ಸುಲ್ತಾನ್ ಬಜಾರವೂ 1933ರವರೆಗೆ ರೆಸಿಡೆನ್ಸಿಯ ಆಡಳಿತಕ್ಕೆ ಸೇರಿದ ರೆಸಿಡೆನ್ಸಿ ಬಜಾರ್ ಆಗಿತ್ತು. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೂ ಹಾಲಿ ನಾಣ್ಯ ಕೂಡಲೇ ಹೋಗಲಿಲ್ಲ. 1959ರವರೆಗೆ ಭಾರತದ ರೂಪಾಯಿಯ ಜೊತೆ ಬಳಕೆಯಲ್ಲಿತ್ತು.

ಈಗ ಒಂದು ಲೆಕ್ಕ. ಗುಮಾಸ್ತನಾದ ನನಗೆ ಇದು ಬಹಳ ಹಿಡಿಸಿದ್ದು. ನೂರು ಕಲ್ದಾರ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂಬುದು ವಿನಿಮಯದ ದರ. ಅಂದರೆ ಆರು ಕಲ್ದಾರಿಗೆ ಏಳು ಹಾಲಿ. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು? ಕಲ್ದಾರ್ ರೂಪಾಯಿಯ ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹಾಲಿ ರೂಪಾಯಿಯ ತೂಕ 11.18 ಗ್ರಾಂ, ಸಾವಿರದಲ್ಲಿ 818 ಪಾಲು ಬೆಳ್ಳಿ. ಗುಣಿಸಿ ನೋಡಿ. ಆರು ಕಲ್ದಾರಿನಲ್ಲಿ 64 ಗ್ರಾಂ ಅಪ್ಪಟ ಬೆಳ್ಳಿ. ಏಳು ಹಾಲಿಯಲ್ಲಿಯೂ 64 ಗ್ರಾಂ. ಒಂದು ಗುಲಗಂಜಿಯಷ್ಟು ವ್ಯತ್ಯಾಸ ಬಂದೀತು, ಅಷ್ಟೆ. ಒಂದರ ಮೇಲೆ ಚಕ್ರವರ್ತಿಯ ಮುಖವಿರಲಿ, ಇನ್ನೊಂದರ ಮೇಲೆ ಚಾರ್‌ಮಿನಾರ್ ಇರಲಿ, ಎರಡು ಸರ್ಕಾರಗಳ ನಡುವಿನ ದರವೂ ಒಳಗಿನ ಬೆಳ್ಳಿಗೆ ಸರಿಹೊಂದಿತ್ತು. ನಮ್ಮ ಮಿತ್ರರ ಸರಾಫರು ಮಾಡಿದ್ದೂ ಇದನ್ನೇ.

ಹಾಗಾದರೆ ಚಿತ್ರಕ್ಕೆ ಬೆಲೆಯೇ ಇಲ್ಲವೆ? ಇದೆ. ಆದರೆ ಅದು ಬೇರೆ ಜಾತಿಯ ಬೆಲೆ. ನಾಣ್ಯದ ಮೇಲೆ ಪ್ರಾಣಿಯನ್ನು ಇಡುವುದು ಕನ್ನಡಿಗರಿಗೆ ಹೊಸದಲ್ಲ. ಚಾಲುಕ್ಯರ ಹಂದಿಯ ಲಾಂಛನದಿಂದ ಹೊನ್ನಿನ ನಾಣ್ಯಕ್ಕೇ ವರಾಹ ಎಂಬ ಹೆಸರು ನಿಂತಿತು. ಹೊಯ್ಸಳ ವಿಷ್ಣುವರ್ಧನನ ಹೊನ್ನಿನ ಮೇಲೆ ಸಿಂಹವಿದೆ. ಹಿಂದುಗಡೆ ಕನ್ನಡದಲ್ಲಿ ‘ಶ್ರೀ ತಳಕಾಡುಗೊಂಡ’ ಎಂದಿದೆ. ವಿಜಯನಗರದ ಅಚ್ಯುತರಾಯನ ವರಾಹದಲ್ಲಿ ಗಂಡಭೇರುಂಡವು ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಆನೆಗಳನ್ನು ಹಿಡಿದಿದೆ. ಉಗುರಿನಷ್ಟು ಜಾಗದಲ್ಲಿ ಅಷ್ಟು ಕೆಲಸ! ಟಿಪ್ಪು ಸುಲ್ತಾನನ ತಾಮ್ರದ ಕಾಸುಗಳ ಮೇಲಿನ ಆನೆ ಒಂದರಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ ನಡೆಯುತ್ತದೆ, ಇನ್ನೊಂದರಲ್ಲಿ ಸೊಂಡಿಲೆತ್ತಿದೆ. ಆ ಪೈಸೆಗೆ ಜೊಹ್ರಾ, ಅರ್ಧಕ್ಕೆ ಬಹ್ರಾಮ್, ಕಾಲಿಗೆ ಅಖ್ತರ್ ಎಂದು ಗ್ರಹನಕ್ಷತ್ರಗಳ ಹೆಸರಿಟ್ಟಿದ್ದನು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮೇಲೆ ಆನೆಯೂ ಸಿಂಹವೂ ಬಂದು, ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬೆಲೆ ಬರೆದಿದೆ. ಇನ್ನು ನಮ್ಮ ಕಾಲಕ್ಕೆ ಹತ್ತಿರ ಬಂದರೆ, 1947ರ ನಿಕಲ್ ರೂಪಾಯಿಯ ಮೇಲೆ ಹುಲಿ, 1950ರ ಪೈಸೆಯ ಮೇಲೆ ಕುದುರೆ, ಆಣೆಯ ಮೇಲೆ ಎತ್ತು, 1988ರಿಂದ ಬಂದ ನಾಲ್ಕಾಣೆಯ ಮೇಲೆ ಖಡ್ಗಮೃಗ.

ನನಗೆ ತೋರುವ ಮಾತೊಂದಿದೆ. ವರಾಹ, ಸಿಂಹ, ಚಾರ್‌ಮಿನಾರ್ ಇವೆಲ್ಲ ನಾಣ್ಯದ ಮೇಲೆ ಬಂದದ್ದು ಗುರುತಿಗಾಗಿ. ಓದು ಬಾರದ ರೈತನೂ ಒಮ್ಮೆ ಕಂಡದ್ದನ್ನು ಮರುವರ್ಷ ಗುರುತಿಸಿ ನಂಬಬೇಕು. ಆದ್ದರಿಂದ ಗುರುತು ನಿಲ್ಲಬೇಕು. ಉಸ್ಮಾನ್ ಅಲಿಖಾನರ ಆಳಿಕೆಯುದ್ದಕ್ಕೂ ಚಾರ್‌ಮಿನಾರ್ ಕದಲಲಿಲ್ಲ, ವರ್ಷದ ಅಂಕಿ ಮಾತ್ರ ಬದಲಾಯಿತು. ಈಗಿನ ಪಾಂಡಾ ನಾಣ್ಯದ ರೀತಿ ಇದಕ್ಕೆ ತಿರುಗುಮುರುಗು. ಅಲ್ಲಿ ಚಿತ್ರ ಬದಲಾಗುವುದೇ ವ್ಯಾಪಾರ. ಹೋದ ವರ್ಷ ಕೊಂಡವನು ಈ ವರ್ಷವೂ ಬರಬೇಕು. ಚೀನದವರು 1982ರಲ್ಲಿ ಚಿನ್ನದಲ್ಲಿ, 1983ರಲ್ಲಿ ಬೆಳ್ಳಿಯಲ್ಲಿ ಇದನ್ನು ಆರಂಭಿಸಿದರು. 2001ರಲ್ಲಿ ಇನ್ನು ಚಿತ್ರ ಬದಲಿಸುವುದಿಲ್ಲವೆಂದು ಹೇಳಿ, 2002ರಲ್ಲಿಯೂ ಅದನ್ನೇ ಅಚ್ಚು ಹಾಕಿದರು. ಸಂಗ್ರಾಹಕರು ಗಲಾಟೆ ಮಾಡಿದರು. 2003ರಿಂದ ಮತ್ತೆ ವರ್ಷಕ್ಕೊಂದು ಚಿತ್ರ! 2016ರಿಂದ ಅದರ ತೂಕವನ್ನು ಒಂದು ಔನ್ಸಿನಿಂದ 30 ಗ್ರಾಮಿಗೆ ಇಳಿಸಿದ್ದನ್ನೂ ಕೊಳ್ಳುವವರು ನೆನಪಿಡಬೇಕು. ಆಸ್ಟ್ರೇಲಿಯದ ಕೂಕಬರ 1990ರಿಂದ ಬರುತ್ತಿದೆ. ಅದು ನಮ್ಮ ಮಿಂಚುಳ್ಳಿಯ ಬಳಗದ ಹಕ್ಕಿ. ಕೆನಡಾದ ತೋಳ 2011ರಿಂದ 2013ರವರೆಗೆ ಬಂದ ಆರು ಕಾಡುಪ್ರಾಣಿಗಳ ಮಾಲೆಯಲ್ಲಿ ಮೊದಲನೆಯದು.

ಇವನ್ನು ಕೂಡಿಹಾಕುವುದು ತಪ್ಪೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಂದು ಕೊಂಡು ಮಕ್ಕಳಿಗೆ ತೋರಿಸಿ ಸಂತೋಷಪಡುವವರು ಪಡಲಿ. ಬೀಡಿ ಸಿಗರೇಟಿಗಿಂತ ಸಾವಿರ ಪಾಲು ಮೇಲು. ಆದರೆ ಅದು ಸಂತೋಷದ ಖರ್ಚು, ಮದುವೆಯ ಉಳಿತಾಯವಲ್ಲ. ಚಿತ್ರದ ಬೆಲೆ ಕೊಡುವವನು ಇನ್ನೊಬ್ಬ ಸಂಗ್ರಾಹಕ ಮಾತ್ರ. ಅವನನ್ನು ಹುಡುಕಲು ಪುರಸತ್ತು ಬೇಕು; ಮದುವೆಗೆ ಹದಿನೈದು ದಿನವಿರುವಾಗ ಅವನು ಸಿಕ್ಕುವುದಿಲ್ಲ. ತೂಕದ ಬೆಲೆ ಯಾವ ಊರಿನ ಸರಾಫಕಟ್ಟೆಯಲ್ಲಾದರೂ ಸಿಕ್ಕುತ್ತದೆ.

ಕೊಳ್ಳುವ ಮುನ್ನ ರೂಪಾಯಿಯಲ್ಲಿ ಯೋಚಿಸದೆ ಗ್ರಾಮಿನಲ್ಲಿ ಯೋಚಿಸಿರಿ. ಔನ್ಸು ಎಂದರೆ ಹೆದರಬೇಕಾಗಿಲ್ಲ: ಬೆಳ್ಳಿಯ ಔನ್ಸು 480 ಗ್ರೇನು, ನಮ್ಮ ತೊಲ 180 ಗ್ರೇನು. ಆದ್ದರಿಂದ ಮೂರು ಔನ್ಸಿಗೆ ಸರಿಯಾಗಿ ಎಂಟು ತೊಲ. ಕೇಳಿದ ಹಣಕ್ಕೆ ಅಂದಿನ ದರದಲ್ಲಿ ಎಷ್ಟು ಗ್ರಾಂ ಗಟ್ಟಿಬೆಳ್ಳಿ ಬರುತ್ತದೆ, ನಾಣ್ಯದಲ್ಲಿ ಎಷ್ಟಿದೆ, ಉಳಿದದ್ದು ಯಾವುದಕ್ಕೆ ಎಂದು ಅಂಗಡಿಯಲ್ಲಿಯೇ ಕೇಳಿರಿ. ನೂರಕ್ಕೆ ಮೂರರಂತೆ ತೆರಿಗೆ ಬೇರೆ ಇದೆ. ಮಾರುವಾಗ ಅದು ಮರಳಿ ಬರುವುದಿಲ್ಲ. ಹಬ್ಬಕ್ಕೆ ಅಂಗಡಿಗಳಲ್ಲಿ ಮಾರುವ ಲಕ್ಷ್ಮಿಯ ಚಿತ್ರದ ಬೆಳ್ಳಿ ಕಾನೂನಿನ ಪ್ರಕಾರ ನಾಣ್ಯವೇ ಅಲ್ಲ, ಬಿಲ್ಲೆ.

ಇನ್ನು ಅಜ್ಜಿಯ ಗಂಟಿನ ವಿಷಯ. ಹಾಲಿ ರೂಪಾಯಿಯ ಚಾರ್‌ಮಿನಾರಿನ ಬಾಗಿಲೊಳಗೆ ಒಂದು ಚಿಕ್ಕ ಅಕ್ಷರವಿರುತ್ತದೆ. ‘ಐನ್’ ಇದ್ದರೆ ಉಸ್ಮಾನ್ ಅಲಿಖಾನರದು, ‘ಮೀಮ್’ ಇದ್ದರೆ ಅವರ ತಂದೆ ಮಹಬೂಬ್ ಅಲಿಖಾನರದು, ಅಂದರೆ 1911 ಅಥವಾ ಅದಕ್ಕೂ ಹಿಂದಿನದು. ವರ್ಷ ಹಿಜರಿಯಲ್ಲಿದೆ. ನಮ್ಮ ಹೊಲದ ಹಳೆಯ ಕಾಗದಗಳಲ್ಲಿರುವ ಫಸಲಿ ಅಲ್ಲ. ನಾನೂ ಮೊದಲು ಹಾಗೆಯೇ ತಪ್ಪು ಲೆಕ್ಕ ಮಾಡಿದ್ದೆ. 1337 ಎಂದಿದ್ದರೆ ಅದು 1918-19. ಅಂಕಿಗಳಲ್ಲಿ ಸೊನ್ನೆ ಒಂದು ಚುಕ್ಕೆ, ಐದು ತಲೆಕೆಳಗಾದ ಹೃದಯದಂತೆ. ಅರ್ಧ ಗಂಟೆಯಲ್ಲಿ ಕಲಿಯಬಹುದು. ಎಲ್ಲ ವರ್ಷದವೂ ವಿರಳವಲ್ಲ. ಹೆಚ್ಚಿನವಕ್ಕೆ ಬೆಳ್ಳಿಗಿಂತ ಸ್ವಲ್ಪ ಮೇಲೆ ಬಂದೀತು. ಆದರೆ ಓದುವ ಮುನ್ನ ಕರಗಿಸಿದರೆ ಯಾವುದು ಎಂಥದೆಂದು ಎಂದೆಂದಿಗೂ ತಿಳಿಯದು. ಕಲ್ದಾರ್ ಇದ್ದರೆ ಇಸವಿ ನೋಡಿರಿ. 1940ರಿಂದ ಅದರಲ್ಲಿ ಅರ್ಧವೇ ಬೆಳ್ಳಿ. ಹುಲಿಯ ರೂಪಾಯಿಯಲ್ಲಿ ಬೆಳ್ಳಿ ಇಲ್ಲವೇ ಇಲ್ಲ. ಅಯಸ್ಕಾಂತಕ್ಕೆ ಹಿಡಿಯಿರಿ, ಅಂಟಿಕೊಳ್ಳುತ್ತದೆ.

ಮತ್ತೊಂದು ಬೇಡಿಕೆ: ದಯವಿಟ್ಟು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿರಿ. ನಮ್ಮ ತಾಯಿಯ ಪೆಟ್ಟಿಗೆಯಲ್ಲಿದ್ದ ಒಂದು ರೂಪಾಯಿಯನ್ನು ದೀಪಾವಳಿಯ ಉತ್ಸಾಹದಲ್ಲಿ ಕನ್ನಡಿಯಂತೆ ಹೊಳೆಯಿಸಿ, ಬಲ್ಲವರೊಬ್ಬರಿಗೆ ತೋರಿಸಿದೆ. ಅವರು ನಾಣ್ಯವನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. ಸರಕ್ಕೆ ಪೋಣಿಸಲು ಕುಣಿಕೆ ಬೆಸೆದ ನಾಣ್ಯಕ್ಕೂ ಸಂಗ್ರಾಹಕರು ಹೆಚ್ಚು ಕೊಡುವುದಿಲ್ಲ. ಅಂಥದನ್ನು ಮನೆಯ ಹೆಣ್ಣುಮಕ್ಕಳ ಕೊರಳಲ್ಲಿಯೇ ಇರಗೊಡಿರಿ.

ನಮ್ಮ ಮಿತ್ರರ ಎಂಟರಲ್ಲಿ ಎರಡಕ್ಕೆ ಕುಣಿಕೆ ಇತ್ತು. ಅವೆರಡು ತಂಗಿಯ ಪಾಲಿಗೆ ಹೋದವು. ನಾಲ್ಕನ್ನು ವರ್ಷ ಓದಿಕೊಂಡು, ಇಬ್ಬರು ವ್ಯಾಪಾರಿಗಳಲ್ಲಿ ವಿಚಾರಿಸಿ, ತೂಕಕ್ಕಿಂತ ಮೇಲೆ ಕೊಟ್ಟವರಿಗೆ ಮಾರಿದರು. ಮೀಮ್ ಅಕ್ಷರದ ಎರಡನ್ನು ಮಾರಲು ಅವರಿಗೇ ಮನಸ್ಸಾಗಲಿಲ್ಲ. ಗೆಜ್ಜೆ ಬಂತು, ಸ್ವಲ್ಪ ತೆಳ್ಳಗೆ.

ಸೈಫಾಬಾದಿನ ಹಳೆಯ ಟಂಕಸಾಲೆಯನ್ನು 2022ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದ್ದಾರೆ. ಇಷ್ಟವಿದ್ದವರು ಕೂಡಿ ಒಂದು ದಿನ ಹೋಗಿಬರೋಣ. ಈಗ ನಿಮ್ಮ ಜೇಬಿನಲ್ಲಿರುವ ನಾಣ್ಯದ ಇಸವಿಯ ಕೆಳಗೆ ನಕ್ಷತ್ರವಿದ್ದರೆ ಅದೂ ಹೈದರಾಬಾದಿನ ಅಚ್ಚೇ. ಬರುವ ಭಾನುವಾರ ನಾಲ್ಕು ಗಂಟೆಗೆ ಚಿಕ್ಕ ತಕ್ಕಡಿ, ಭೂತಗನ್ನಡಿ, ಅರಬ್ಬಿ ಅಂಕಿಗಳ ಪಟ್ಟಿ ಇವನ್ನು ಈ ಮೇಜಿನ ಮೇಲೆ ಇಟ್ಟುಕೊಂಡು ಕುಳಿತಿರುತ್ತೇನೆ. ಮನೆಯಲ್ಲಿ ಹಳೆಯ ರೂಪಾಯಿ ಇದ್ದವರು ತೊಳೆಯದೆ ತನ್ನಿರಿ.