ಜಾಯಿಕಾಯಿಯ ದ್ವೀಪದಲ್ಲಿ ಒಂದು ದಿನದ ಸುತ್ತಾಟ

(ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೆರಿಬಿಯನ್ ಎಂದೊಡನೆ ಕ್ರಿಕೆಟ್ಟು ಮತ್ತು ಬಿಳಿ ಮರಳಿನ ಕಡಲತೀರ ಕಣ್ಣಮುಂದೆ ಬರುವುದು ಸಹಜ. ಆದರೆ ಆ ಸಮುದ್ರದ ಆಗ್ನೇಯ ಅಂಚಿನಲ್ಲಿರುವ ಗ್ರೆನಡಾ ಮೂಲತಃ ಒಂದು ಬೆಟ್ಟದ ನಾಡು. ಜ್ವಾಲಾಮುಖಿಯಿಂದ ಹುಟ್ಟಿದ ಈ ದ್ವೀಪದ ಉದ್ದ ಸುಮಾರು 34 ಕಿ.ಮೀ., ಅಗಲ 19 ಕಿ.ಮೀ. ಸುತ್ತಲಿನ ಕಿರುದ್ವೀಪಗಳನ್ನೂ ಸೇರಿಸಿದರೆ ದೇಶದ ವಿಸ್ತೀರ್ಣ 344 ಚ.ಕಿ.ಮೀ.; ಅಂದರೆ ಮಲೆನಾಡಿನ ಒಂದು ದೊಡ್ಡ ತಾಲ್ಲೂಕಿನ ಅರ್ಧದಷ್ಟೂ ಇಲ್ಲ. 1974ರಲ್ಲಿ ಸ್ವತಂತ್ರವಾದ ಈ ದೇಶ ತನ್ನ ಧ್ವಜದ ಮೇಲೆ ಸಿಂಹವನ್ನಾಗಲಿ ಖಡ್ಗವನ್ನಾಗಲಿ ಇರಿಸಿಕೊಳ್ಳಲಿಲ್ಲ. ಒಂದು ಜಾಯಿಕಾಯಿಯನ್ನು ಇರಿಸಿಕೊಂಡಿತು. ಅಡಿಕೆಯ ನೆರಳಿನಲ್ಲಿ ಜಾಯಿಕಾಯಿ ಬೆಳೆಯುವವರಿಗೆ ಈ ದ್ವೀಪದ ಕಥೆ ಪರದೇಶದ ಸುದ್ದಿ ಮಾತ್ರವಲ್ಲ.

ನಾಲ್ವರು ಗೆಳೆಯರು ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ಬೆಳಿಗ್ಗೆ ಒಂದು ಬಾಡಿಗೆ ಕಾರು ಪಡೆದು ಹೊರಟರೆ ಸಂಜೆಯೊಳಗೆ ದ್ವೀಪವನ್ನು ಒಂದು ಸುತ್ತು ಹಾಕಿ ಬರಬಹುದು. ಹೊರಗಿನಿಂದ ಬಂದವರು ಅಲ್ಲಿಯ ತಾತ್ಕಾಲಿಕ ಚಾಲನಾ ಪರವಾನಗಿ ಪಡೆಯಬೇಕು. ಭಾರತದಲ್ಲಿದ್ದಂತೆ ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಸಾಗುತ್ತವೆ. ರಸ್ತೆ ಕಿರಿದು, ತಿರುವುಗಳು ಹಲವು, ಒಂದು ಬದಿಗೆ ದರೆ, ಇನ್ನೊಂದು ಬದಿಗೆ ಕಣಿವೆ. ಘಾಟಿಯಲ್ಲಿ ಹಾರನ್ ಮಾಡುತ್ತಾ ಇಳಿದು ಅಭ್ಯಾಸವಿರುವವರಿಗೆ ಇದು ಅಪರಿಚಿತವೆನಿಸದು. ನಕಾಶೆಯಲ್ಲಿ ಅರ್ಧ ಗಂಟೆಯ ಹಾದಿಯಂತೆ ಕಾಣುವುದು ವಾಸ್ತವದಲ್ಲಿ ಒಂದು ಗಂಟೆ ಬೇಡುತ್ತದೆ.

ರಾಜಧಾನಿಯಿಂದ ಈಶಾನ್ಯಕ್ಕೆ ಏರುವ ದಾರಿ ಗ್ರ್ಯಾಂಡ್ ಎಟಾಂಗ್ ಅರಣ್ಯವನ್ನು ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಎತ್ತರದಲ್ಲಿ, ಆರಿದ ಜ್ವಾಲಾಮುಖಿಯ ಬಾಯಿಯಲ್ಲಿ ಒಂದು ಸರೋವರವಿದೆ. ಇಲ್ಲಿ ಮಂಜು ಇಳಿಯುತ್ತದೆ, ಹಾವಸೆ ಬೆಳೆಯುತ್ತದೆ. ಕೆಳಗಿನ ಊರುಗಳಿಗೆ ಹರಿಯುವ ತೊರೆಗಳು ಈ ಬೆಟ್ಟಗಳಲ್ಲೇ ಹುಟ್ಟುತ್ತವೆ. ಕಾಡನ್ನು ಕಾಯ್ದುಕೊಂಡ ಕಾರಣ ನೀರು ಉಳಿದಿದೆ ಎಂಬ ಸರಳ ಸತ್ಯ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಘಟ್ಟ ಇಳಿದು ಪೂರ್ವ ತೀರದ ಗ್ರೆನ್‌ವಿಲ್ ದಾಟಿದರೆ ತೋಟಗಳ ಸಾಲು. ಕೋಕೋ, ಬಾಳೆ, ದೀವಿಹಲಸು, ಕೆಸವು, ನಡುನಡುವೆ ಜಾಯಿಕಾಯಿ. ಕೋಕೋಗೆ ನೆರಳಾಗಿ ಹಾಲುವಾಣದ ಬಳಗಕ್ಕೇ ಸೇರಿದ ಮರಗಳಿವೆ. ಮಧ್ಯಾಹ್ನದ ಊಟಕ್ಕೆ ನಿಂತರೆ ಅಲ್ಲಿಯ ರಾಷ್ಟ್ರೀಯ ಖಾದ್ಯ 'ಆಯಿಲ್ ಡೌನ್' ಸಿಗುತ್ತದೆ: ದೀವಿಹಲಸು, ಕೆಸವಿನೆಲೆ, ತೆಂಗಿನ ಹಾಲು, ಅರಿಸಿನ, ಜೊತೆಗೆ ಉಪ್ಪು ಹಚ್ಚಿದ ಮಾಂಸ ಅಥವಾ ಮೀನು, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ತೆಂಗಿನೆಣ್ಣೆ ತಳದಲ್ಲಿ ಉಳಿಯುವವರೆಗೆ ಬೇಯಿಸಿದ್ದು. ಈ ಒಂದು ಪಾತ್ರೆಯಲ್ಲಿ ಪೆಸಿಫಿಕ್, ಏಷ್ಯಾ, ಆಫ್ರಿಕಾಗಳು ಕಲೆತಿವೆ. ಆದರೆ ಅವು ಸಂತೋಷದಿಂದ ಕಲೆತವಲ್ಲ. ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಗುಲಾಮರನ್ನು ತರಲಾಯಿತು. ಗುಲಾಮಗಿರಿ ಕೊನೆಗೊಂಡ ಮೇಲೆ, 1857ರಿಂದ, ಭಾರತದ ಕೂಲಿಗಳನ್ನು ಕರಾರಿನ ಮೇಲೆ ಹಡಗಿನಲ್ಲಿ ಸಾಗಿಸಲಾಯಿತು. ಸಮೀಪದ ರಿವರ್ ಆಂಟ್ವಾನ್ ಎಂಬಲ್ಲಿ 1785ರಿಂದ ನಡೆಯುತ್ತಿರುವ ರಮ್ ತಯಾರಿಕಾ ಘಟಕವಿದೆ. ಕಬ್ಬು ಅರೆಯುವ ಗಾಣಕ್ಕೆ ನೀರಿನ ಚಕ್ರವೇ ಶಕ್ತಿ, ಒಲೆಗೆ ಕಬ್ಬಿನ ಸಿಪ್ಪೆಯೇ ಉರುವಲು. ಆ ಚಕ್ರದ ಜಾಣ್ಮೆಯನ್ನು ಮೆಚ್ಚುವಾಗ ಮೊದಲು ಕಬ್ಬು ಕಡಿದ ಕೈಗಳು ಯಾರವೆಂಬುದನ್ನೂ ನೆನೆಯಬೇಕು.

ದ್ವೀಪದ ಉತ್ತರ ತುದಿಯ ಊರು ಸೊತೆರ್. ಫ್ರೆಂಚ್ ಭಾಷೆಯಲ್ಲಿ ಈ ಹೆಸರಿಗೆ 'ಹಾರಿದವರು' ಎಂದರ್ಥ. 1651ರಲ್ಲಿ ಫ್ರೆಂಚರಿಗೆ ಶರಣಾಗಲೊಪ್ಪದ ಮೂಲನಿವಾಸಿಗಳು ಇಲ್ಲಿಯ ಬಂಡೆಯಿಂದ ಕಡಲಿಗೆ ಹಾರಿ ಪ್ರಾಣ ಬಿಟ್ಟರು. ಹತ್ತಿರದ ಲೆವೆರಾ ತೀರದಲ್ಲಿ ಲೆದರ್‌ಬ್ಯಾಕ್ ಎಂಬ ದೈತ್ಯ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ಬೆಳಕಿನ ದಿಕ್ಕನ್ನು ಕಡಲೆಂದು ಬಗೆದು ಹಾದಿ ತಪ್ಪುವುದರಿಂದ, ಮೊಟ್ಟೆಯಿಡುವ ಕಾಲದ ರಾತ್ರಿಗಳಲ್ಲಿ ಕಾರಿನ ದೀಪಗಳಿಗೆ ಅಲ್ಲಿ ಕೆಲಸವಿಲ್ಲ.

ಪಶ್ಚಿಮ ತೀರದ ಮೂಲಕ ಹಿಂದಿರುಗುವಾಗ ಗುಯಾವ್ ಎಂಬ ಮೀನುಗಾರರ ಪಟ್ಟಣ ಬರುತ್ತದೆ. ಇಲ್ಲಿಯ ಜಾಯಿಕಾಯಿ ಸಂಸ್ಕರಣಾ ಕೇಂದ್ರವೇ ಈ ಸುತ್ತಾಟದ ಮುಖ್ಯ ಪಾಠಶಾಲೆ. ಬೆಳೆಗಾರರು ತಂದ ಕಾಯಿಗಳನ್ನು ಮರದ ತಟ್ಟೆಗಳಲ್ಲಿ ವಾರಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ಚಿಪ್ಪು ಒಡೆದು ಬೀಜವನ್ನು ನೀರಿಗೆ ಹಾಕುತ್ತಾರೆ. ಮುಳುಗಿದ್ದು ಉತ್ತಮ ದರ್ಜೆ, ತೇಲಿದ್ದು ಕೆಳದರ್ಜೆ. ಜಾಪತ್ರೆಯ ದಾರಿಯೇ ಬೇರೆ, ಅದನ್ನು ತಿಂಗಳುಗಟ್ಟಲೆ ಹದಗೊಳಿಸುತ್ತಾರೆ. ಹಣ್ಣಿನ ಹೊರಸಿಪ್ಪೆಯಿಂದ ಜ್ಯಾಮ್ ಮತ್ತು ಪಾನಕ, ಒಡೆದ ಚಿಪ್ಪು ತೋಟದ ಕಾಲುದಾರಿಗೆ ಹಾಸು. ವ್ಯಾಪಾರವೆಲ್ಲ 1947ರಲ್ಲಿ ಸ್ಥಾಪನೆಯಾದ ಬೆಳೆಗಾರರ ಸಹಕಾರ ಸಂಘದ ಮೂಲಕ ನಡೆಯುವ ವ್ಯವಸ್ಥೆ ಬೆಳೆಯಿತು: ಕಾಯಿ ಕೊಟ್ಟಾಗ ಮುಂಗಡ, ವರ್ಷದ ಕೊನೆಗೆ ಲಾಭವಿದ್ದರೆ ಮತ್ತಷ್ಟು. ಅಡಿಕೆ ಸಹಕಾರ ಸಂಘಗಳನ್ನು ಕಟ್ಟಿದ ಮಲೆನಾಡಿಗರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಹೀಗೆ ಬೆಳೆದ ಗ್ರೆನಡಾ ಜಗತ್ತಿನ ಜಾಯಿಕಾಯಿ ಉತ್ಪಾದನೆಯಲ್ಲಿ ಇಂಡೋನೇಷ್ಯಾದ ನಂತರ ಎರಡನೆಯ ಸ್ಥಾನದಲ್ಲಿತ್ತು. 2004ರ ಸೆಪ್ಟೆಂಬರ್ 7ರಂದು ಐವನ್ ಚಂಡಮಾರುತ ಬಂದಿತು. ಗಂಟೆಗೆ ಸುಮಾರು 190 ಕಿ.ಮೀ. ವೇಗದ ಗಾಳಿ. 39 ಮಂದಿ ಸತ್ತರು. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಹಾನಿಯಾಯಿತು. ಜಾಯಿಕಾಯಿ ಮರಗಳಲ್ಲಿ ಬಹುಪಾಲು ಒಂದೇ ದಿನದಲ್ಲಿ ನೆಲಕ್ಕುರುಳಿದವು, ಇಲ್ಲವೇ ಮುರಿದವು. ಮರುವರ್ಷದ ಜುಲೈನಲ್ಲಿ ಎಮಿಲಿ ಎಂಬ ಇನ್ನೊಂದು ಚಂಡಮಾರುತ ಬಂದು, ಚೇತರಿಸುತ್ತಿದ್ದ ನೆಲವನ್ನು ಮತ್ತೆ ಬಡಿಯಿತು.

ಮರ ಬಿದ್ದುದಕ್ಕೆ ಗಾಳಿ ಕಾರಣ; ಆದರೆ ಬದುಕು ಬಿದ್ದುದಕ್ಕೆ ಗಾಳಿಯೊಂದೇ ಕಾರಣವಲ್ಲ. ಜಾಯಿಕಾಯಿಯ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಆದ್ದರಿಂದ ಬಿರುಗಾಳಿಗೆ ಅದು ಸುಲಭದ ತುತ್ತು. ಬೀಜದಿಂದ ಬೆಳೆದ ಗಿಡ ಹೂಬಿಡಲು ಆರೇಳು ವರ್ಷ ಬೇಕು. ಅದು ಗಂಡೋ ಹೆಣ್ಣೋ ಎಂಬುದು ಆಗ ಮಾತ್ರ ತಿಳಿಯುತ್ತದೆ. ಗಂಡಾದರೆ ಕಾಯಿಲ್ಲ. ತುಂಬು ಫಸಲಿಗೆ ಇನ್ನೂ ಹಲವು ವರ್ಷ. ಅರವತ್ತು ವರ್ಷದ ರೈತನೊಬ್ಬ ಮರವೆಲ್ಲ ಕಳೆದುಕೊಂಡು ಹೊಸ ಸಸಿ ನೆಡುವಾಗ, ಅದರ ಫಲ ತನಗಲ್ಲವೆಂದು ತಿಳಿದೇ ನೆಡಬೇಕು. ನೆಡುವ ವಯಸ್ಸಿನ ಮಕ್ಕಳು ಪಟ್ಟಣಕ್ಕೋ ಪರದೇಶಕ್ಕೋ ಹೋಗಿದ್ದರೆ, ನೆಡುವವರು ಯಾರು? ಕಡಿದಾದ ಇಳಿಜಾರಿನಲ್ಲಿ ಬಿದ್ದ ಕಾಯಿ ಹೆಕ್ಕುವವರು ಯಾರು? ಗ್ರೆನಡಾದ ಜಾಯಿಕಾಯಿ ಇಳುವರಿ ಐವನ್‌ಗೆ ಮುಂಚಿನ ಮಟ್ಟವನ್ನು ಮತ್ತೆ ಮುಟ್ಟಲಿಲ್ಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಸೋದರದ್ವೀಪ ಕ್ಯಾರಿಯಾಕೂವನ್ನು ಧ್ವಂಸಗೊಳಿಸಿ, ದ್ವೀಪದ ಉತ್ತರ ಭಾಗಕ್ಕೂ ಹಾನಿ ಮಾಡಿತು.

ಇನ್ನೊಂದು ಮುಖವೂ ಇದೆ. ಬಿದ್ದ ಕೋಕೋ ಬುಡದಿಂದ ಮತ್ತೆ ಚಿಗುರಬಲ್ಲದು. ಬಾಳೆ, ಕೆಸವು ವರ್ಷದೊಳಗೆ ಊಟ ಕೊಡುತ್ತವೆ. 1999ರಲ್ಲಿ ಆರಂಭವಾಗಿದ್ದ ಗ್ರೆನಡಾ ಚಾಕೊಲೇಟ್ ಕಂಪನಿ ಎಂಬ ಚಿಕ್ಕ ಉದ್ಯಮ, ಬೀಜವನ್ನು ಹಾಗೆಯೇ ಹೊರದೇಶಕ್ಕೆ ಕಳುಹಿಸದೆ ಊರಿನಲ್ಲೇ ಚಾಕೊಲೇಟ್ ಮಾಡಬಹುದೆಂದು ತೋರಿಸಿತು. ಬೇಗ ಏಳುವ ಬೆಳೆ, ತಡವಾಗಿ ಫಲಿಸುವ ಬೆಳೆ, ಹೊಟ್ಟೆಗೆ ಆಗುವ ಬೆಳೆ, ಈ ಮೂರೂ ಇದ್ದ ತೋಟ ಎದ್ದು ನಿಲ್ಲುವುದು ಸುಲಭ.

ಮಲೆನಾಡಿಗೆ ಅಂತಹ ಚಂಡಮಾರುತ ಬರುವುದಿಲ್ಲವೆಂದು ಸಮಾಧಾನಪಡುವಂತಿಲ್ಲ. ಅಡಿಕೆಯ ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ, ಗುಡ್ಡ ಕುಸಿತ ಇವು ಸದ್ದಿಲ್ಲದ ಚಂಡಮಾರುತಗಳೇ. ಒಂದೇ ಬೆಳೆಯನ್ನು ನಂಬಿದ ಕಣಿವೆಗೆ ಅವು ಮಾಡುವ ಹಾನಿ ಕಡಿಮೆಯದಲ್ಲ. ಜಾಯಿಕಾಯಿಯ ಗಂಡು-ಹೆಣ್ಣಿನ ಸಮಸ್ಯೆಗೆ ಕಸಿ ವಿಧಾನ ಉತ್ತರ ಕೊಟ್ಟಿದೆ. ಕಾಡುಜಾತಿಗಳಾದ ರಾಮಪತ್ರೆಯೂ ಸಿದ್ದಾಪುರದ ಕತ್ತಲೆಕಾನಿನಂತಹ ಜೌಗುವನಗಳ ಅದರ ನೆಂಟರೂ ಉಳಿದರೆ ಮಾತ್ರ ಮುಂದಿನ ಕಸಿಗಳಿಗೆ ಆಯ್ಕೆ ಉಳಿಯುತ್ತದೆ. ಆ ಕಾನನ್ನು ಬರಿದು ಮಾಡಿ ತೋಟವನ್ನು ವಿಸ್ತರಿಸುವುದು ಬೀಜದ ಕಣಜಕ್ಕೆ ಬೆಂಕಿಯಿಟ್ಟು ಚಳಿ ಕಾಯಿಸಿಕೊಂಡಂತೆ.

ಬಾಡಿಗೆ ಕಾರನ್ನು ಸಂಜೆ ಹಿಂದಿರುಗಿಸಬಹುದು. ನೆಲವನ್ನು ಹಾಗೆ ಹಿಂದಿರುಗಿಸಿ ಹೊರಡಲಾಗದು. ಕಾರಿನ ಕಿಟಕಿಯಿಂದ ಮರ ಕಾಣುತ್ತದೆ, ಮರಕ್ಕಾಗಿ ಕಾದ ವರ್ಷಗಳು ಕಾಣುವುದಿಲ್ಲ. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ತಮ್ಮ ಮನೆಯ ತೋಟದ ಬದಿಗೆ ಒಂದೊಂದು ಜಾಯಿಕಾಯಿ ಕಸಿಯನ್ನು, ಅದರ ಪಕ್ಕದಲ್ಲಿ ನಾಲ್ಕು ಕೆಸವಿನ ಗೆಡ್ಡೆಗಳನ್ನು ನೆಡಲಿ. ಕೆಸವು ಅದೇ ವರ್ಷದ ಊಟಕ್ಕೆ. ಜಾಯಿಕಾಯಿ, ಊರಿನಲ್ಲಿ ಉಳಿಯುವವರಿಗೆ.