ಕೈಗೆ ಕೆಲಸವನ್ನು ಮರಳಿಸುವ ಸೇವೆ

(ಶತಮಾನೋತ್ಸವದ ಅಂಗವಾಗಿ ಆರೋಗ್ಯಸೇವೆಯ ವಿದ್ಯಾರ್ಥಿಗಳನ್ನೂ ಧರ್ಮಕೇಂದ್ರದ ಕುಟುಂಬಗಳನ್ನೂ ಉದ್ದೇಶಿಸಿ ಧರ್ಮಗುರುಗಳು ಮಾಡಿದ ಭಾಷಣ)



ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ನಮ್ಮ ಜನ ಕೈಯಿಂದ ದುಡಿದು ಬದುಕಿದವರು. ಗಂಗೊಳ್ಳಿಯಲ್ಲಿ ಬಲೆ, ಹೆಮ್ಮಾಡಿಯಲ್ಲಿ ಸೇವಂತಿಗೆ, ಎಲ್ಲೆಡೆ ತೆಂಗು ಮತ್ತು ಭತ್ತ. ಇಂತಹ ನಾಡಿನಲ್ಲಿ ಪಾರ್ಶ್ವವಾಯು ಬಡಿದೋ, ತೆಂಗಿನ ಮರದಿಂದ ಬಿದ್ದೋ ಒಬ್ಬನ ಕೈಕಾಲುಗಳು ಸೋತರೆ ಪೆಟ್ಟು ಬೀಳುವುದು ದೇಹಕ್ಕೆ ಮಾತ್ರವಲ್ಲ. ಮನೆಯಲ್ಲಿ ಅವನಿಗಿದ್ದ ಸ್ಥಾನವೇ ಅಲುಗಾಡುತ್ತದೆ. ರೋಗಿಗಳಿಗೆ ಪರಮಪ್ರಸಾದವನ್ನು ಕೊಂಡೊಯ್ಯುವಾಗ ನಾವು ಇದನ್ನು ಕಂಡಿದ್ದೇವೆ. ಔಷಧ ಉಂಟು, ಗಂಜಿ ಉಂಟು, ಪ್ರೀತಿಯೂ ಉಂಟು. ಮಾಡಲಿಕ್ಕೆ ಮಾತ್ರ ಏನೂ ಇಲ್ಲ.

ಆಕ್ಯುಪೇಷನಲ್ ಥೆರಪಿ ಎಂಬ ವಿದ್ಯೆ ಹುಟ್ಟಿದ್ದು ಈ ಶೂನ್ಯವನ್ನು ತುಂಬಲೆಂದೇ. ಫಿಸಿಯೊಥೆರಪಿಯೇ ಇದು ಎಂದು ಹಲವರು ತಿಳಿದಿದ್ದಾರೆ. ಅವೆರಡೂ ಒಡಹುಟ್ಟಿದವು, ಆದರೆ ಒಂದೇ ಅಲ್ಲ. ಅಂಗಿಯ ಗುಂಡಿ ಹಾಕುವುದು, ತುತ್ತು ಬಾಯಿಗೆ ಒಯ್ಯುವುದು, ಬಾವಿಕಟ್ಟೆಯವರೆಗೆ ಹೋಗಿ ಬರುವುದು, ಮತ್ತೆ ಬಲೆ ಹೆಣೆಯುವುದು, ಇವೇ ಇಲ್ಲಿ ಚಿಕಿತ್ಸೆಯ ಗುರಿ, ಇವೇ ಚಿಕಿತ್ಸೆಯ ಸಾಧನ. ಭಾರತದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ತೆರೆದವರು ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದ ಕಮಲಾ ನಿಂಬಕರ್. ಇಂದು ನಮ್ಮ ಮಗ್ಗುಲಿನ ಮಣಿಪಾಲದಲ್ಲಿಯೇ ಪದವಿ ಹಾಗೂ ಸ್ನಾತಕೋತ್ತರ ಶಿಕ್ಷಣ ದೊರೆಯುತ್ತದೆ.

ಕ್ರೈಸ್ತ ದೃಷ್ಟಿ ಇದಕ್ಕೆ ಏನನ್ನು ಕೊಡಬಲ್ಲದು? ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನತ್ತ ನೋಡೋಣ. 1946ರಲ್ಲಿ ಅಲ್ಲಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ನೆಟ್ಟಗೆ ಮಾಡಿದರು. ಆದರೆ ಗುಣವಾದ ಕೈಗಳನ್ನು ಕಂಡು ಭಿಕ್ಷೆ ಹಾಕುವವರು ಕಡಿಮೆಯಾದರು. ಕೆಲಸ ಕೊಡುವವರಂತೂ ಇರಲಿಲ್ಲ. ಆಗ ಅವರು ರೋಗಿಗಳಿಗೆ ಮರಗೆಲಸದಂತಹ ಕಸುಬುಗಳನ್ನು ಕಲಿಸುವ ವ್ಯವಸ್ಥೆ ಮಾಡಿದರು. ನೋವು ತಿಳಿಯದ ಕೈಗೆ ಗಾಯವಾಗದಂತೆ ಉಪಕರಣ ಹಿಡಿಯುವುದನ್ನೂ ಕಲಿಸಬೇಕಾಯಿತು. ಅದೇ ಕಾಲೇಜಿನ ಡಾ. ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಕ್ರಿಯೆ ಮಾಡಿದರು, ಮುಂದೆ ಅಲ್ಲಿಯ ಪುನಶ್ಚೇತನ ವಿಭಾಗವನ್ನು ಕಟ್ಟಿದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1890ರಲ್ಲಿಯೇ ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟದ್ದನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆಶ್ರಯದಿಂದ ಕಸುಬಿನವರೆಗಿನ ದಾರಿ ದೀರ್ಘವಾದುದು.

ವಿದ್ಯಾರ್ಥಿಗಳೇ, ಈ ವೃತ್ತಿಯ ವಿಶ್ವ ಒಕ್ಕೂಟವು ಕನಿಷ್ಠ 1,000 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ನಿಗದಿಪಡಿಸಿದೆ. ಆ ಗಂಟೆಗಳಲ್ಲಿ ನೀವು ಮೊದಲು ಕಲಿಯಬೇಕಾದದ್ದು ಕೇಳುವುದನ್ನು. ಜೆರಿಕೋವಿನ ದಾರಿಯಲ್ಲಿ ಕುರುಡನಾದ ಬಾರ್ತಿಮಾಯನು ಕೂಗಿಕೊಂಡಾಗ, ಅವನಿಗೆ ಬೇಕಾದದ್ದು ಎಲ್ಲರಿಗೂ ಗೋಚರವಾಗಿದ್ದರೂ, ಪ್ರಭು ಯೇಸು ಅವನನ್ನೇ ಕೇಳಿದರು. ಅಜ್ಜಿಗೆ ಬೆರಳಿನ ವ್ಯಾಯಾಮಕ್ಕಿಂತ ಜಪಮಾಲೆಯ ಮಣಿ ಎಣಿಸುವುದು ಮುಖ್ಯವಾಗಿರಬಹುದು. ಹಾಗಿದ್ದರೆ ಆ ಮಣಿಯಿಂದಲೇ ಆರಂಭಿಸಿರಿ.

ಇನ್ನೊಂದು ಮಾತನ್ನು ನಿಷ್ಠುರವಾಗಿಯೇ ಹೇಳುತ್ತೇವೆ. ಕ್ರೈಸ್ತ ದೃಷ್ಟಿಯೆಂದರೆ ಹಾಸಿಗೆಯ ಬಳಿ ಉಪದೇಶವಲ್ಲ. ಎದ್ದು ಹೋಗಲಾರದವನ ಮುಂದೆ ಬೋಧಿಸುವುದು ಅವನ ನಿಸ್ಸಹಾಯಕತೆಯನ್ನು ಬಳಸಿಕೊಂಡಂತೆ. ಹಿಂದುವಾಗಲಿ, ಮುಸಲ್ಮಾನನಾಗಲಿ, ಅವನಿಗೆ ನಿಮ್ಮಿಂದ ಸಲ್ಲಬೇಕಾದದ್ದು ನಿಪುಣವಾದ ಚಿಕಿತ್ಸೆ. ಅರೆಕಲಿಕೆಯನ್ನು ಭಕ್ತಿಯಿಂದ ಮುಚ್ಚಲಾಗದು.

ಕುಟುಂಬಗಳಿಗೂ ಒಂದು ವಿನಂತಿ. ತಂದೆಯ ಕೈ ನಡುಗುತ್ತದೆಂದು ಮಗಳು ಬೇಗ ಬೇಗ ಉಣ್ಣಿಸುತ್ತಾಳೆ. ಅವಳ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಅರ್ಧ ಗಂಟೆ ಹಿಡಿದರೂ, ಅನ್ನ ಚೆಲ್ಲಿದರೂ, ದಪ್ಪ ಹಿಡಿಯ ಚಮಚದಲ್ಲಿ ಅವರೇ ಉಂಡರೆ ಆ ಮನೆಯಲ್ಲಿ ಅವರು ಮತ್ತೆ ತಂದೆಯಾಗುತ್ತಾರೆ. ಎಲ್ಲವೂ ದೇವರ ಚಿತ್ತವೆಂದು ಅಭ್ಯಾಸ ಬಿಡುವುದನ್ನು ನಾವು ಭಕ್ತಿಯೆಂದು ಒಪ್ಪಲಾರೆವು. ಅಂಗವಿಕಲರಿಗೂ ದುಡಿಮೆಯಲ್ಲಿ ಪಾಲುಂಟೆಂದು ಸಂತ ಎರಡನೆಯ ಜಾನ್ ಪಾಲರು 1981ರ ವಿಶ್ವಪತ್ರದಲ್ಲಿ ಸ್ಪಷ್ಟವಾಗಿ ಬೋಧಿಸಿದ್ದಾರೆ.

ನಮ್ಮ ಇಗರ್ಜಿಯ ಮುಂಬಾಗಿಲಿನ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿಗೆ ಇಳಿಜಾರು ದಾರಿ ಆಗಬೇಕು. ಶತಮಾನೋತ್ಸವದ ದೀಪಾಲಂಕಾರಕ್ಕಿಂತ ಮೊದಲೇ ಆಗಬೇಕು. ಮನೆಯಲ್ಲೇ ಉಳಿದಿರುವ ರೋಗಿಗಳ ಹೆಸರನ್ನು ಆಯಾ ವಾರ್ಡಿನ ಗುರಿಕಾರರಿಗೆ ಕೊಡಿರಿ. ಸೇವೆಗೆ ಮುಂದಾಗುವ ವಿದ್ಯಾರ್ಥಿಗಳು ಭಾನುವಾರದ ಎರಡನೆಯ ಪೂಜೆಯ ಬಳಿಕ ನಮ್ಮನ್ನು ಕಾಣಬಹುದು.